ಕ್ಯಾಸೆಟ್ಟಿನೊಳಗಿನ ಗಟ್ಟಿಮೇಳ

ಡೋಂಬಿವ್ಲಿ ಪೂರ್ವದ ಆ ಮದುವೆ ಹಾಲಿನಲ್ಲಿ ನಮಗೊಂದು ಮೂಲೆ ಇತ್ತು. ಬೆನ್ನಿಗೆ ಫ್ಯೂಸಿನ ಡಬ್ಬಿ, ಎದುರಿಗೆ ಕಂಬ. ಕಂಬದ ಪಕ್ಕದಿಂದ ಕತ್ತು ಚಾಚಿದರೆ ಮಾತ್ರ ಮಂಟಪದಲ್ಲಿ ಕೂತ ಭಟ್ಟರ ಕೈ ಕಾಣುತ್ತಿತ್ತು. ಹಾಲು ಕಟ್ಟಿಸಿದವನಿಗೆ ವಾದ್ಯದವರು ಎಂಬ ಪ್ರಾಣಿಗಳು ಇದ್ದಾವೆ ಎಂಬುದೇ ನೆನಪಿರಲಿಲ್ಲವೆಂದು ಕಾಣುತ್ತದೆ. ನಾನು ನಾಗಸ್ವರ ಊದುವವನು. ಡೋಲು ಬಾರಿಸುವವರು ನನಗಿಂತ ಸಾಕಷ್ಟು ಹಿರಿಯರು. ಸಂಬಂಧದಲ್ಲಿ ಏನೂ ಅಲ್ಲದಿದ್ದರೂ ನಾನು ಅವರನ್ನು ಭಾವ ಎಂದೇ ಕರೆಯುತ್ತಿದ್ದೆ. ಶ್ರುತಿಪೆಟ್ಟಿಗೆ ಒತ್ತಲು ಇನ್ನೊಬ್ಬ. ಇಷ್ಟೇ ನಮ್ಮ ಸೆಟ್ಟು. ಠಾಣೆಯಿಂದ ಕಲ್ಯಾಣದವರೆಗೆ ನಮ್ಮ ಕರಾವಳಿಯ ಹೋಟೆಲಿನವರು, ಬ್ಯಾಂಕಿನವರು ಯಾರ ಮನೆಯಲ್ಲಿ ಮದುವೆಯಾದರೂ ನಮಗೆ ಹೇಳಿ ಕಳುಹಿಸುತ್ತಿದ್ದರು. ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ನಮ್ಮ ಹೊಟ್ಟೆ ತುಂಬುತ್ತಿತ್ತು, ಜುಟ್ಟಿಗೆ ಮಲ್ಲಿಗೆಯ ಆಸೆ ಇರಲಿಲ್ಲ.

ಮದುವೆಯಲ್ಲಿ ಬೆಳಿಗ್ಗೆಯಿಂದ ಊದುವುದೆಲ್ಲ ಒಂದು ತೂಕವಾದರೆ ಗಟ್ಟಿಮೇಳ ಒಂದೇ ಒಂದು ತೂಕ. ವರ ತಾಳಿ ಕೈಗೆತ್ತಿಕೊಂಡ ಕೂಡಲೇ ಭಟ್ಟರು ಕೈ ಮೇಲೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗುತ್ತಾರೆ. ಆಗ ರಾಗ, ಸಂಗತಿ ಎಲ್ಲವನ್ನೂ ಮೂಟೆ ಕಟ್ಟಿಟ್ಟು ಎದೆಯಲ್ಲಿದ್ದ ಗಾಳಿಯನ್ನೆಲ್ಲ ಹೊರಹಾಕಬೇಕು, ಡೋಲಿನವರು ರಟ್ಟೆ ಬೀಳುವಂತೆ ಬಾರಿಸಬೇಕು. ಯಾರೋ ಸೀನಬಹುದು, ಮಗು ಚೀರಬಹುದು, ಬೀಗರ ಪೈಕಿ ಯಾರಾದರೂ ಅಪಶಬ್ದ ಆಡಬಹುದು. ಅಂಥದ್ದು ಯಾವುದೂ ಆ ಗಳಿಗೆಯಲ್ಲಿ ವಧೂವರರ ಕಿವಿಗೆ ಬೀಳಬಾರದು. ವಾದ್ಯದವರನ್ನು ಕರೆಯುವುದೇ ಅದಕ್ಕೆ. ಭಾವ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ತಾಳಿ ಕಟ್ಟುವ ಗಳಿಗೆ ಬಿಟ್ಟು ಬೇರೆ ಯಾವಾಗಲೂ ಅವರು ಡೋಲಿನ ಮೇಲೆ ಗಟ್ಟಿಮೇಳ ಬಾರಿಸಿದವರಲ್ಲ. ಅಭ್ಯಾಸಕ್ಕೂ ಇಲ್ಲ, ತಮಾಷೆಗೂ ಇಲ್ಲ.

ನಮಗೆ ಮೊದಲ ಪೆಟ್ಟು ಬಿದ್ದದ್ದು ಠಾಣೆಯ ವರ್ತಕ ನಗರದ ಒಂದು ಮನೆಯಿಂದ. ಅವರ ಹಿರಿಮಗಳ ಮದುವೆಯಲ್ಲಿ ದುಬೈಯಿಂದ ಬಂದ ಸೋದರಮಾವನೊಬ್ಬ ಟು-ಇನ್-ವನ್ ಟೇಪ್ ರೆಕಾರ್ಡರ್ ತಂದು ನಮ್ಮ ಮುಂದಿಟ್ಟು ಗುಂಡಿ ಒತ್ತಿದ್ದ. ನಾವು ಎದೆಯುಬ್ಬಿಸಿಕೊಂಡೇ ಬಾರಿಸಿದೆವು. ಮರುವರ್ಷ ಎರಡನೆಯ ಮಗಳ ಮದುವೆಗೆ ನಮ್ಮನ್ನು ಊಟಕ್ಕೆ ಮಾತ್ರ ಕರೆದರು. ಹೋಗಿ ನೋಡಿದರೆ ನಾವು ಕೂರುವ ಜಾಗದಲ್ಲಿ ಒಂದು ಸ್ಟೂಲು, ಅದರ ಮೇಲೆ ಅದೇ ಪೆಟ್ಟಿಗೆ, ಪೆಟ್ಟಿಗೆಯೊಳಗೆ ನಾವು. ನಡುವೆ ಹಳೆಯ ಮದುವೆಯ ಯಾರೋ ಹೆಂಗಸು "ಅಯ್ಯೋ ಹಾಲು ಉಕ್ಕಿತು!" ಎಂದು ಕೂಗಿದಳು. ಈ ಮದುವೆಯ ಅಡುಗೆಯವನು ಓಡಿಹೋಗಿ ಒಲೆ ನೋಡಿ ಬಂದ. ಟೇಪಿನ ಭಟ್ಟರು ಗಟ್ಟಿಮೇಳ ಎಂದು ಅಬ್ಬರಿಸುವ ಹೊತ್ತಿಗೆ ಈ ಮದುವೆಯ ವರ ಇನ್ನೂ ಕೊಡೆ ಹಿಡಿದು ಕಾಶಿಯಾತ್ರೆಗೆ ಹೊರಟಿದ್ದ. ಆಮೇಲೆ ಎಲೆಯ ಮುಂದೆ ಕೂತಾಗಲೂ ನಾನೂ ಭಾವನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಾಯಸ ಬರುವಷ್ಟರಲ್ಲಿ ನಗು ನಿಂತಿತು.

"ಇದು ಒಳ್ಳೆದಲ್ಲ ಮಾರಾಯ," ಎಂದರು ಭಾವ. "ಇವತ್ತು ಇವ ತಪ್ಪಿ ಹಾಕಿದ. ನಾಳೆ ಸರಿಯಾಗಿ ಹಾಕುವವ ಬರ್ತಾನೆ."

ಬಂದವನು ಉಲ್ಹಾಸನಗರದ ಕ್ಯಾಸೆಟ್ ಅಂಗಡಿಯ ಸೇಠ್. ಅವನ ಅಂಗಡಿಯಲ್ಲಿ ಭಜನೆ, ಆರತಿ, ಕವ್ವಾಲಿ ಎಲ್ಲ ಇತ್ತು. ದಕ್ಷಿಣದವರ ಮದುವೆ ವಾದ್ಯ ಮಾತ್ರ ಇರಲಿಲ್ಲ, ಕೇಳುವವರು ಬಹಳ ಇದ್ದರು. ಒಂದೇ ಸಲ ಬಾರಿಸಿ, ಒಂದೇ ಸಲ ಹಣ, ಆಮೇಲೆ ನಿಮಗೂ ನಮಗೂ ಲೆಕ್ಕವಿಲ್ಲ ಎಂದ. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರೇ ಹೇಳಿದ್ದಾರಲ್ಲ, ನಾನು ಹೂಂ ಎಂದೆ. ನಾನು ತೂರುತ್ತಿರುವುದು ಹೊಟ್ಟನ್ನೋ ಕಾಳನ್ನೋ ಎಂದು ನೋಡಲಿಲ್ಲ.

ರೆಕಾರ್ಡಿಂಗ್ ನಡೆದದ್ದು ಅಂಗಡಿಯ ಮೇಲಿನ ಕೋಣೆಯಲ್ಲಿ. ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದಿದ್ದರು. ಕೆಳಗಡೆ ಅಂಗಡಿಗೆ ತಾಗಿಕೊಂಡೇ ಪ್ಲಾಸ್ಟಿಕ್ ಅಂಗಿಗುಂಡಿ ತಯಾರಿಸುವ ಕಾರ್ಖಾನೆ. ಅದರ ಊಟದ ಬಿಡುವಿನಲ್ಲೇ ನಾವು ಬಾರಿಸಬೇಕು. ಫ್ಯಾನು ಹಾಕುವಂತಿಲ್ಲ. ರೆಕಾರ್ಡಿಸ್ಟ್ ಮೈಕಿನ ಮುಂದೆ ಭಾವನನ್ನು ಕೂರಿಸಿ ಒಂದು ಪೆಟ್ಟು ಹಾಕಿಸಿದ. ಯಂತ್ರದ ಮುಳ್ಳು ಕೆಂಪು ಗೆರೆ ದಾಟಿ ಮೂಲೆಗೆ ಹೋಗಿ ಕೂತಿತು. ಡೋಲು ಹೊರಗೆ ಹೋಗಲಿ ಎಂದು ಅವನ ಅಪ್ಪಣೆಯಾಯಿತು. ಭಾವನನ್ನು ಹೊರಗಿನ ಕಾರಿಡಾರಿನಲ್ಲಿ ಕೂರಿಸಿ, ನಡುವಿನ ಬಾಗಿಲಿಗೆ ದಪ್ಪ ರಜಾಯಿ ಇಳಿಬಿಟ್ಟರು.

ಈಗ ತೊಂದರೆ ಶುರುವಾಯಿತು. ನಾವು ಬಾರಿಸುವುದು ಕಣ್ಣಿನಿಂದ. ನಾಗಸ್ವರದ ಬಾಯಿ ನಾನು ಎಷ್ಟು ಎತ್ತುತ್ತೇನೆ, ಹುಬ್ಬು ಯಾವ ಕಡೆ ಹೋಗುತ್ತದೆ ಎಂಬುದನ್ನು ನೋಡಿಯೇ ಭಾವ ಮುಂದಿನ ಪೆಟ್ಟು ಹಾಕುವವರು. ರಜಾಯಿಯ ಆಚೆ ಅವರಿಗೆ ನಾನಿಲ್ಲ, ನನಗೆ ಅವರಿಲ್ಲ. ಎರಡು ಸಲ ಶುರು ಮಾಡಿ ಎರಡು ಸಲವೂ ಹಳಿ ತಪ್ಪಿದೆವು. ಕೊನೆಗೆ ನನ್ನ ಕಾಲಿನ ಹೆಬ್ಬೆರಳಿಗೆ ಒಂದು ಹುರಿ ಕಟ್ಟಿ, ರಜಾಯಿಯ ಅಡಿಯಿಂದ ದಾಟಿಸಿ, ಇನ್ನೊಂದು ತುದಿಯನ್ನು ಭಾವನ ಹೆಬ್ಬೆರಳಿಗೆ ಕಟ್ಟಿದೆವು. ತಾಳ ಬದಲಾಗುವಾಗ ನಾನು ಎಳೆಯಬೇಕು. ಮೊದಲ ಸಲ ಉತ್ಸಾಹದಲ್ಲಿ ಎಷ್ಟು ಜೋರಾಗಿ ಎಳೆದೆನೆಂದರೆ ಆಚೆಯಿಂದ "ಅಮ್ಮಾ!" ಎಂಬ ಕೂಗು ಬಂತು. ಅದೂ ಟೇಪಿಗೆ ಬಿದ್ದು, ಮತ್ತೆ ಮೊದಲಿನಿಂದ ಊದಬೇಕಾಯಿತು. ಹೇಗೋ ಎರಡೂ ಬದಿ ತುಂಬಿಸಿದೆವು. ಕಟ್ಟಿದ ಎತ್ತುಗಳ ಹಾಗೆ ಕೂತು ಕಲ್ಯಾಣಿ ರಾಗ ಊದಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಕೊನೆಯಲ್ಲಿ ಸೇಠ್ ಮೇಲೆ ಬಂದ. "ಅಬ್ ಗಟ್ಟಿಮೇಳ ಡಾಲ್ ದೋ, ಲಾಸ್ಟ್ ಮೇ," ಎಂದ.

ಭಾವ ಹುರಿ ಬಿಚ್ಚಿಕೊಳ್ಳುತ್ತಾ ತಲೆಯಾಡಿಸಿದರು. "ಇಲ್ಲಿ ಯಾರ ಮದುವೆ? ತಾಳಿ ಎಲ್ಲಿ ಉಂಟು? ತಾಳಿ ಇಲ್ಲದೆ ಗಟ್ಟಿಮೇಳ ಬಾರಿಸಿದರೆ ಯಾರದೋ ತಾಳಿಗೆ ಕೇಡು. ನನ್ನಿಂದಾಗುದಿಲ್ಲ."

ಸೇಠ್ ನನ್ನ ಮುಖ ನೋಡಿದ. ನಾನು ಹಿಂದಿಯಲ್ಲಿ ಹೇಳಿದೆ. ಅವನು ಭುಜ ಕುಣಿಸಿ, ಇಲ್ಲದಿದ್ದರೆ ಬೇಡ ಎಂದು ಹಾಗೆಯೇ ಕ್ಯಾಸೆಟ್ಟು ಹೊರಡಿಸಿದ. ಮುಚ್ಚಳದ ಮೇಲೆ ಬಾಳೆಕಂಬದ ಚಿತ್ರವಿತ್ತು. ನಮ್ಮ ಹೆಸರು ಇರಲಿಲ್ಲ.

ಮುಂದಿನ ಮದುವೆ ಕಾಲ ಶುರುವಾಗುವಾಗ ಡೋಂಬಿವ್ಲಿ ಹಾಲಿನ ಮ್ಯಾನೇಜರು ನನ್ನನ್ನು ಆಫೀಸಿಗೆ ಕರೆದು ಚಹಾ ತರಿಸಿದರು. ಅವರು ಮರಾಠಿಯವರು, ಕೆಟ್ಟ ಮನುಷ್ಯರಲ್ಲ, ನನ್ನನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು. ಆದರೆ ಅವರು ಚಹಾ ತರಿಸಿದರೆಂದರೆ ಎಲ್ಲೋ ಕತ್ತರಿ ಬಿದ್ದಿದೆ ಎಂದೇ ಅರ್ಥ.

"ಮಾಸ್ಟರ್, ತುಮ್ಚೀ ಕ್ಯಾಸೆಟ್ ಏಕ್‌ದಮ್ ಮಸ್ತ್ ಆಹೇ," ಎಂದರು. "ಸಿರ್ಫ್ ಗಟ್ಟಿಮೇಳ ನಹೀ ಹೈ ಉಸ್ ಮೇ. ತುಮ್ ಬಸ್ ಗಟ್ಟಿಮೇಳ ಕೇ ಲಿಯೇ ಆವ್. ಬಾಕೀ ಕ್ಯಾಸೆಟ್ ದೇಖ್ ಲೇಗಾ."

ಬಾಕಿಯದನ್ನೆಲ್ಲ ಕ್ಯಾಸೆಟ್ಟು ನೋಡಿಕೊಳ್ಳುತ್ತದೆ, ಗಟ್ಟಿಮೇಳಕ್ಕೆ ಮಾತ್ರ ನೀವು ಬನ್ನಿ. ಸಂಭಾವನೆಯೂ ಅದಕ್ಕೆ ತಕ್ಕಷ್ಟು. ಶ್ರುತಿಯವನು ಬೇಡವೇ ಬೇಡ. ಬೇಡವಾದವನು ಮರುವಾರವೇ ಘಣಸೋಲಿ ಕಡೆಯ ಒಂದು ಕಾರ್ಖಾನೆಗೆ ಸೇರಿಕೊಂಡ. ನಮ್ಮ ಮೂವರಲ್ಲಿ ಬುದ್ಧಿವಂತ ಅವನೊಬ್ಬನೇ ಎಂದು ಈಗಲೂ ಅನ್ನಿಸುತ್ತದೆ.

ಆ ವರ್ಷ ನಾವು ಮಾಡಿದ್ದು ಎಂಥ ಕೆಲಸವೆಂದು ಹೇಳಿದರೆ ನಂಬುವುದು ಕಷ್ಟ. ಮುಹೂರ್ತ ಹಿಂದೆ ಮುಂದೆ ಆಗುವುದು ಇದ್ದದ್ದೇ, ಹಾಗಾಗಿ ಬೆಳಿಗ್ಗೆಯೇ ಹೋಗಿ ಕೂರಬೇಕು. ರೇಷ್ಮೆ ಪಂಚೆ ಉಟ್ಟು, ಗಂಧ ಹಚ್ಚಿಕೊಂಡು, ವಾದ್ಯ ಮಡಿಲಲ್ಲಿಟ್ಟುಕೊಂಡು, ಪಕ್ಕದ ಸ್ಟೂಲಿನ ಮೇಲೆ ಹಾಡುವ ನಮ್ಮನ್ನೇ ಕೇಳುತ್ತಾ ಕೂರಬೇಕು. ಎದ್ದು ಹೋಗುವಂತಿಲ್ಲ, ಬೇರೆ ಮದುವೆ ಒಪ್ಪಿಕೊಳ್ಳುವಂತಿಲ್ಲ. ಒಂದು ಬದಿ ಮುಗಿದು ಟಕ್ಕೆಂದಾಗ ಮ್ಯಾನೇಜರು ದೂರದಿಂದ ಕೈಸನ್ನೆ ಮಾಡುತ್ತಿದ್ದರು. ನಾನೇ ಎದ್ದು ನನ್ನನ್ನೇ ಮಗುಚಿ ಹಾಕುತ್ತಿದ್ದೆ. ಮಕ್ಕಳು ಬಂದು ನನ್ನ ಬಾಯಿ ನೋಡುತ್ತಿದ್ದವು, ಬಾಯಿ ಮುಚ್ಚಿದೆಯಲ್ಲ, ಸ್ವರ ಹೇಗೆ ಬರುತ್ತದೆ ಎಂದು.

ಅದಕ್ಕಿಂತ ದೊಡ್ಡ ಪೀಡೆ ಬೇರೆ ಇತ್ತು. ನಾಗಸ್ವರ ಊದುತ್ತಾ ಊದುತ್ತಾ ಬೆಚ್ಚಗಾಗಬೇಕು, ಆಗಲೇ ಅದರ ಶ್ರುತಿ ನಿಲ್ಲುವುದು. ಬೆಳಿಗ್ಗೆಯಿಂದ ತಣ್ಣಗೆ ಬಿದ್ದ ಕೊಳವೆಯನ್ನು ಒಮ್ಮೆಲೇ ಗಟ್ಟಿಮೇಳಕ್ಕೆ ಎತ್ತಿದರೆ ಅದು ಇಳಿದ ದನಿಯಲ್ಲೇ ಕೂಗುತ್ತದೆ. ಬಾಯಿಗಿಡುವ ಪೀಪಿ ಒಣಗದಿರಲೆಂದು ಗಂಟೆಗಟ್ಟಲೆ ನಾಲಿಗೆಯಡಿ ಇಟ್ಟುಕೊಂಡಿರುತ್ತಿದ್ದೆ. ಸಾಲದ್ದಕ್ಕೆ ಆ ಹಾಲಿನವರ ಟೇಪ್ ಯಂತ್ರದ ಮೋಟಾರು ತುಸು ಜೋರಾಗಿ ತಿರುಗುತ್ತಿತ್ತು. ಕ್ಯಾಸೆಟ್ಟಿನ ನಾವು ಉಲ್ಹಾಸನಗರದಲ್ಲಿ ಬಾರಿಸಿದ್ದಕ್ಕಿಂತ ಏರಿದ ಶ್ರುತಿಯಲ್ಲಿ ಕೇಳಿಸುತ್ತಿದ್ದೆವು. ಅದು ನಿಂತ ಮರುಕ್ಷಣ ನಾನು ಊದಿದರೆ ಅಪಸ್ವರವೆಂದೇ ಜನಕ್ಕೆ ಅನ್ನಿಸುತ್ತಿತ್ತು.

"ಕ್ಯಾಸೆಟ್ಟಿನಲ್ಲಿ ಎಷ್ಟು ಚಂದ ಬರ್ತದೆ, ನೋಡಿ," ಎಂದು ಹೋಟೆಲ್ ಯಜಮಾನರೊಬ್ಬರು ನನಗೇ ಬುದ್ಧಿ ಹೇಳಿದರು. "ಅದನ್ನು ಊದಿದವರ ಹತ್ರ ಸ್ವಲ್ಪ ಕಲಿಯಬಾರದಾ?"

ನಾನೇ ಅದು ಎಂದು ಹೇಳಲು ಬಾಯಿ ತೆರೆದೆ, ಪೀಪಿ ನಾಲಿಗೆಯಡಿ ಇತ್ತು. ಅಷ್ಟರಲ್ಲಿ ಅವರು ಬೀಗರ ಕಡೆ ಹೋಗಿಯಾಗಿತ್ತು. ಮುಂದಿನ ಮದುವೆಗೆ ನಾನು ಪೀಪಿಯನ್ನು ಕೆರೆದು ಚಿಕ್ಕದು ಮಾಡಿಕೊಂಡೆ, ನನ್ನ ಶ್ರುತಿಯನ್ನು ಆ ಯಂತ್ರದ ಶ್ರುತಿಗೆ ಏರಿಸಿದೆ. ಆ ದಿನ ನನಗೆ ಆದ ಅವಮಾನ ಇನ್ನು ಯಾವ ದಿನವೂ ಆಗಿಲ್ಲ. ನನ್ನ ಜೊತೆ ಹೊಂದಿಕೊಳ್ಳಲು ನಾನೇ ಬಗ್ಗಬೇಕಾಗಿ ಬಂದಿತ್ತು.

ಇಂಥ ಸ್ಥಿತಿಯಲ್ಲಿ ಸೇಠ್ ಮತ್ತೆ ಹೇಳಿ ಕಳುಹಿಸಿದ. ಹಾಲಿನವರೆಲ್ಲ ಗಟ್ಟಿಮೇಳ ಇರುವ ಕ್ಯಾಸೆಟ್ಟು ಕೇಳುತ್ತಿದ್ದಾರೆ. ನೀವು ಕೊಟ್ಟರೆ ನಿಮ್ಮದೇ ಕೊನೆಗೆ ಸೇರಿಸುತ್ತೇನೆ, ಹೆಸರೂ ಹಾಕುತ್ತೇನೆ, ಈ ಸಲ ಹಣವೂ ದೊಡ್ಡದು. ಇಲ್ಲವಾದರೆ ಮುಂಬಯಿಯಿಂದ ಬೇರೆ ಸೆಟ್ಟಿನವರು ತಯಾರಿದ್ದಾರೆ. ಅವನು ಬೆದರಿಸಿದ್ದಲ್ಲ, ಇದ್ದದ್ದು ಹೇಳಿದ. ನಮ್ಮನ್ನು ಇನ್ನೂ ಕರೆಯುತ್ತಿದ್ದದ್ದು ಆ ಎರಡು ನಿಮಿಷಕ್ಕೆ ಮಾತ್ರ. ಅದನ್ನೂ ಕೊಟ್ಟರೆ ಕರೆಯಲು ಕಾರಣವೇ ಉಳಿಯುವುದಿಲ್ಲ. ಕೊಡದಿದ್ದರೆ ಬೇರೆಯವರು ಕೊಡುತ್ತಾರೆ, ಆಗಲೂ ಉಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ನನ್ನ ಹೆಂಡತಿ ಅಕ್ಕಿ ಆರಿಸುತ್ತಾ ಒಂದೇ ಮಾತಿನಲ್ಲಿ ಮುಗಿಸಿದಳು. "ಊದಿದರೂ ಹೋಗ್ತದೆ, ಊದದಿದ್ದರೂ ಹೋಗ್ತದೆ. ಊದಿ ಹೋದರೆ ಬಾಡಿಗೆಯಾದರೂ ಕಟ್ಟಬಹುದು."

ಭಾವನನ್ನು ಒಪ್ಪಿಸುವುದು ನನ್ನ ಪಾಲಿಗೆ ಬಂತು. ಕಲ್ಯಾಣ ಸ್ಟೇಷನ್ನಿನ ಹೊರಗೆ ಒಂದು ಚಹಾದಂಗಡಿಯಲ್ಲಿ ಕೂತು ಹೇಳಿದೆ. ಅವರು ಬಶಿಗೆ ಚಹಾ ಸುರಿದುಕೊಂಡು ಕೊನೆಯವರೆಗೂ ಕೇಳಿದರು.

"ತಾಳಿ ಇಲ್ಲದಲ್ಲಿ ಕೋಲು ಎತ್ತುದಿಲ್ಲ," ಎಂದರು.

"ತಾಳಿ ಇದ್ದಲ್ಲಿ?"

"ಎಂತ?"

"ನಿಜವಾದ ಮದುವೆ, ನಿಜವಾದ ತಾಳಿ. ಮೈಕು ಅಲ್ಲಿಗೇ ಬರಲಿ. ವರ್ತಕ ನಗರದಲ್ಲಿ ಆ ದುಬೈಯವ ಪೆಟ್ಟಿಗೆ ಇಟ್ಟಾಗ ನೀವು ಬಾರಿಸಲಿಲ್ಲವಾ?"

ಅವರು ಬಶಿ ಕೆಳಗಿಟ್ಟರು. "ತಾಳಿ ಇದ್ದರೆ ಆಗಬಹುದು," ಎಂದರು. "ಅಲ್ಲಿ ಮೈಕು ಇದ್ದರೆಷ್ಟು, ಇಲ್ಲದಿದ್ದರೆಷ್ಟು."

ಇನ್ನು ಮದುವೆ ಹುಡುಕಬೇಕು. ನಮ್ಮ ಹೋಟೆಲಿನ ಯಜಮಾನರಾರೂ ತಮ್ಮ ಮನೆ ಮದುವೆಯ ಸದ್ದು ಉಲ್ಹಾಸನಗರದ ಅಂಗಡಿಯಲ್ಲಿ ಬಿಕರಿಯಾಗಲು ಒಪ್ಪಲಿಲ್ಲ. ಹಾಲುಗಳಲ್ಲಿ ಫ್ಯಾನಿನ ಗುಂಯ್ ಎನ್ನುವ ಸದ್ದು, ಪ್ರತಿಧ್ವನಿ, ಆಗದೆಂದು ರೆಕಾರ್ಡಿಸ್ಟ್ ಹೇಳಿದ. ಆಗ ನೆರವಿಗೆ ಬಂದವನು ನಮ್ಮ ಹಳೆಯ ಶ್ರುತಿಯವನು. ಅವನ ಕಾರ್ಖಾನೆಯ ಹಿಂದೆ, ಘಣಸೋಲಿ ಹಳ್ಳಿ ದಾಟಿ ಗುಡ್ಡದ ಬುಡದಲ್ಲಿ, ಕಲ್ಲು ಒಡೆಯುವವರ ಶೆಡ್ಡುಗಳಿದ್ದವು. ಎಲ್ಲ ಗುಲ್ಬರ್ಗ ಕಡೆಯ ಜನ. ಅಲ್ಲೊಂದು ಹುಡುಗಿಯ ಮದುವೆ, ಊರಿಗೆ ಹೋಗಿ ಮಾಡುವಷ್ಟು ತ್ರಾಣವಿಲ್ಲ, ಬಾಜಾಭಜಂತ್ರಿ ಇಲ್ಲದ ಮದುವೆ ಎಂದು ಅಜ್ಜಿ ಊಟ ಬಿಟ್ಟಿದ್ದಾಳೆ ಎಂದ. ನಾವು ಪುಕ್ಕಟೆ ಬರುತ್ತೇವೆ, ರೆಕಾರ್ಡ್ ಮಾಡಿಕೊಳ್ಳಲು ಬಿಡಿ ಎಂದು ಹೇಳಿ ಕಳುಹಿಸಿದೆವು. ಹುಡುಗಿಯ ಅಪ್ಪ ಮರುದಿನವೇ ಕಾರ್ಖಾನೆಯ ಗೇಟಿಗೆ ಬಂದು, ಎಲೆಯಡಿಕೆ ಇಟ್ಟು ಒಪ್ಪಿಗೆ ಕೊಟ್ಟು ಹೋದನಂತೆ.

ಠಾಣೆಯಿಂದ ಬಸ್ಸು ಹಿಡಿದು, ಕಳವಾ ದಾಟಿ, ಕಾರ್ಖಾನೆಗಳ ಸಾಲು ಮುಗಿಸಿ ಇಳಿದೆವು. ಭಾವ ಡೋಲನ್ನು ಬಸ್ಸಿನಲ್ಲಿ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು. ಶೆಡ್ಡುಗಳ ನಡುವೆ ತಾಡಪತ್ರಿಯ ಚಪ್ಪರ, ಅದರ ಕಂಬಕ್ಕೆ ಕಬ್ಬಿನ ಗರಿ. ನಮ್ಮನ್ನು ಕಂಡದ್ದೇ ತಡ, ಹೆಂಗಸರು ಕಾಲಿಗೆ ನೀರು ಕೊಟ್ಟರು. ಅಜ್ಜಿ ಬಂದು ಡೋಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವಳು ಅವಳೇ.

"ಭಾಳ ದೊಡ್ಡ ಉಪಕಾರ ಆತ್ರೆಪ್ಪ," ಎಂದಳು. "ನನ ಮಗಳ ಮದುವ್ಯಾಗ ಬಾಜಾ ಇತ್ತು. ಆಕಿ ಮಗಳಿಗಿ ಇಲ್ಲಂದ್ರ ಹ್ಯಾಂಗ?"

ರೆಕಾರ್ಡಿಸ್ಟ್ ಕಾರಿನ ಬ್ಯಾಟರಿಗೆ ಯಂತ್ರ ಜೋಡಿಸಿ, ಮೈಕನ್ನು ಬಿದಿರಿಗೆ ಕಟ್ಟಿ, ಸಮುದ್ರದ ಹಿನ್ನೀರಿನ ಖಾಡಿಯ ಕಡೆಯಿಂದ ಬರುವ ಗಾಳಿಗೆ ಅದರ ಮೇಲೆ ಎರಡು ಸುತ್ತು ಬಟ್ಟೆ ಸುತ್ತಿದ. ಮುಳ್ಳು ಎಲ್ಲಿಯವರೆಗೆ ಹೋಗುತ್ತದೆ ನೋಡಬೇಕು, ಗಟ್ಟಿಮೇಳ ಸ್ವಲ್ಪ ಬಾರಿಸಿ ತೋರಿಸಿ ಎಂದ. ಭಾವ ಒಂದೇ ಒಂದು ಪೆಟ್ಟು ಹಾಕಿ ಕೈ ತೆಗೆದರು. ಅವನು ಗೊಣಗುತ್ತಾ ಅಂದಾಜಿನ ಮೇಲೆಯೇ ಗುಂಡಿ ತಿರುಗಿಸಿಟ್ಟುಕೊಂಡ. ಅವರಲ್ಲಿ ಗಟ್ಟಿಮೇಳ ಎಂದು ಕೂಗುವ ಪದ್ಧತಿ ಇರಲಿಲ್ಲ. ಅಯ್ಯನವರು ಮಂತ್ರ ಹೇಳಿ ಮುಗಿಸಿದಾಗ ಹುಡುಗಿಯ ಅಪ್ಪ ಟವೆಲ್ ಎತ್ತುವುದೆಂದು ಗೊತ್ತುಮಾಡಿಕೊಂಡೆವು. ಇಲ್ಲಿ ಕಂಬವಿರಲಿಲ್ಲ, ರಜಾಯಿಯಿರಲಿಲ್ಲ. ಭಾವ ನನ್ನ ಎದುರಿಗೇ ಕೂತಿದ್ದರು.

ಟವೆಲ್ ಮೇಲೆ ಹೋಯಿತು. ನಾನು ಊದಿದೆ. ಬೆಳಿಗ್ಗೆಯಿಂದ ಊದಿ ಊದಿ ಕೊಳವೆ ಬೆಚ್ಚಗಾಗಿತ್ತು, ಶ್ರುತಿ ಗೂಟ ಹೊಡೆದಂತೆ ನಿಂತಿತು. ಡೋಲು ಜೊತೆಗೆ ಹೊರಟಿತು. ಸುತ್ತಲಿನವರು ಅಕ್ಕಿಕಾಳು ತೂರಿದರು, ಹುಡುಗ ತಾಳಿಯ ಗಂಟು ಹಾಕಿದ. ಆಗ ಅಜ್ಜಿ ಎದೆ ಒಡೆದು ಕೂಗಿಕೊಂಡಳು.

"ನಿಮ್ಮವ್ವ ಇರಬೇಕಿತ್ತಲ್ಲ, ನನ ಕೂಸೇ!"

ಅಷ್ಟೂ ಸದ್ದಿನ ನಡುವೆ ಆ ಮಾತು ಅಕ್ಷರ ಅಕ್ಷರವಾಗಿ ಕೇಳಿಸಿತು. ನಾವು ಬಾರಿಸಿ ಮುಗಿಸಿದೆವು. ರೆಕಾರ್ಡಿಸ್ಟ್ ಕಿವಿಯ ಮೇಲಿದ್ದದ್ದನ್ನು ಕಿತ್ತು ಕೊರಳಿಗೆ ಹಾಕಿಕೊಂಡು ಕೈಯಾಡಿಸಿದ.

"ಖರಾಬ್ ಹೋ ಗಯಾ. ಬುಡ್ಢೀ ಕಾ ಆವಾಜ್ ಆ ಗಯಾ. ಏಕ್ ಬಾರ್ ಫಿರ್ ಸೇ."

"ಏನಂತಾರ್ರಿ ಅವರು?" ಎಂದು ಹುಡುಗಿಯ ಅಪ್ಪ ಕೇಳಿದ.

ಅಜ್ಜಿಯ ಸ್ವರ ಬಿದ್ದು ಟೇಪು ಕೆಟ್ಟಿತಂತೆ, ಇನ್ನೊಮ್ಮೆ ಬೇಕಂತೆ ಎಂದೆ.

"ಅಷ್ಟ ಹೌದಲ್ರಿ? ಇನ್ನೊಮ್ಮೆ ಕಟ್ಟಸ್ತೀನಿ ತಗೋರಿ. ನೀವು ಪುಕ್ಕಟ ಬಂದು ನಮ್ಮ ಮಾನ ಉಳಿಸೀರಿ, ನಾವು ಇಷ್ಟು ಮಾಡಬಾರದೇನು?" ಎಂದು ಅಳಿಯನ ಕಡೆ ತಿರುಗಿ ಗಂಟು ಬಿಚ್ಚಲು ಸನ್ನೆ ಮಾಡಿದ. ಹುಡುಗಿ ಎರಡೂ ಕೈಯಲ್ಲಿ ತಾಳಿಯನ್ನು ಹಿಡಿದುಕೊಂಡಳು. ಅಜ್ಜಿ ಸೀರೆಯ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡು, ಅದರೊಳಗಿನಿಂದಲೇ ಹೇಳಿದಳು:

"ನಂದೇ ತಪ್ಪಾತ್ರೆಪ್ಪ. ನಾ ಬಾಯಿ ಮುಚ್ಕೊಂಡು ಕೂಡ್ತೀನಿ. ಬಾರಸ್ರಿ ಮತ್ತ."

ನಾನು ಭಾವನ ಕಡೆ ನೋಡಿದೆ. ಅವರು ಸಿಟ್ಟಿನಿಂದ ಡೋಲು ಕಟ್ಟುತ್ತಿರುತ್ತಾರೆ ಎಂದುಕೊಂಡಿದ್ದೆ. ಅವರು ಕೋಲು ಎತ್ತಿ ಹಿಡಿದಿದ್ದರು. ಕಣ್ಣು ನನ್ನ ನಾಗಸ್ವರದ ಬಾಯಿಯ ಮೇಲಿತ್ತು, ನಾನು ಎತ್ತುವುದನ್ನೇ ಕಾಯುತ್ತಿದ್ದರು. "ಬಾರಿಸುವ ಮಾರಾಯ," ಎಂದರು ಮೆಲ್ಲಗೆ. "ಇನ್ನೊಂದು ಸಲ."

ತಾಳಿ ಇಲ್ಲದಲ್ಲಿ ಕೋಲು ಎತ್ತದ ಮನುಷ್ಯ, ಕಟ್ಟಿದ ತಾಳಿ ಬಿಚ್ಚಿಸಿ ಬಾರಿಸಲು ತಯಾರಾಗಿದ್ದಾರೆ. ಬಡತನ ಇವರನ್ನು ಇಷ್ಟು ಬಗ್ಗಿಸಿತಲ್ಲ, ನಾನೇ ಬಗ್ಗಿಸಿದೆನಲ್ಲ ಅನ್ನಿಸಿತು. ನಾನು ಪೀಪಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

"ಬಿಚ್ಚಬೇಡಿ," ಎಂದೆ ಹುಡುಗಿಯ ಅಪ್ಪನಿಗೆ. "ಒಂದು ಕೊರಳಿಗೆ ಒಂದೇ ಸಲ." ರೆಕಾರ್ಡಿಸ್ಟ್ ಕಡೆ ತಿರುಗಿ, ಆದದ್ದು ಇಷ್ಟೇ, ಬೇಕಾದರೆ ಇಟ್ಟುಕೋ, ಬೇಡವಾದರೆ ಅಳಿಸು ಎಂದೆ.

ಅವನು ತಂತಿ ಸುತ್ತಿಕೊಂಡು, ಬ್ಯಾಟರಿ ಹೊತ್ತುಕೊಂಡು ಹೊರಟೇ ಹೋದ. ನಾವು ಊಟದ ಪಂಕ್ತಿ ಮುಗಿಯುವವರೆಗೂ ಬಾರಿಸಿದೆವು. ಅಷ್ಟು ಮನಸಾರೆ ಊದಿ ನನಗೆ ಬಹಳ ಕಾಲವಾಗಿತ್ತು. ಭಾವ ಮಾತ್ರ ತಲೆ ತಗ್ಗಿಸಿಕೊಂಡೇ ಬಾರಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಒಂದು ಮಾತು ಕೇಳಿದರು.

"ಯಾಕೆ ಬೇಡ ಅಂದೆ?"

"ನಿಮಗೋಸ್ಕರವೇ," ಎಂದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ನಾಚಿಕೆಯಿಂದ ಎಂದು ನಾನು ತಿಳಿದೆ. ನನ್ನ ಬಗ್ಗೆ ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು.

ಹೆಮ್ಮೆ ಹೆಚ್ಚು ದಿನ ಬಾಳಲಿಲ್ಲ. ಸೇಠ್ ಆ ಟೇಪನ್ನು ಅಳಿಸಲಿಲ್ಲ. ಕೆಟ್ಟ ಮಾಲಿಗೆ ಪೂರ್ತಿ ಹಣ ಕೊಡುವುದಿಲ್ಲವೆಂದು ನಮಗೆ ಬಸ್ಸಿನ ಖರ್ಚಿನಷ್ಟು ಕಳುಹಿಸಿ, ಅದನ್ನೇ ಎರಡನೆಯ ಬದಿಯ ಕೊನೆಗೆ ಅಂಟಿಸಿ ಹೊಸ ಕ್ಯಾಸೆಟ್ಟು ತಂದ. ಅದು ಮೊದಲಿನದಕ್ಕಿಂತ ಹೆಚ್ಚು ಓಡಿತು. ಬಟ್ಟೆ ಸುತ್ತಿದ ಮೈಕಿನಲ್ಲಿ ಅಜ್ಜಿಯ ಮಾತು ಮಸುಕಾಗಿ ಬಿದ್ದಿತ್ತು, ಹಾಲುಗಳಲ್ಲಿ ಅದು ಯಾರಿಗೂ ಅರ್ಥವಾಗುತ್ತಿರಲಿಲ್ಲ, ಅಳು ಮಾತ್ರ ಎಲ್ಲರಿಗೂ ಅರ್ಥವಾಗುತ್ತಿತ್ತು. ಸರಿಯಾದ ಗಳಿಗೆಗೆ ಹೆಣ್ಣಿನ ತಾಯಂದಿರಿಗೆ ಕಣ್ಣೀರು ಬರುತ್ತದೆ, ಬಹಳ ಚೆನ್ನಾಗಿದೆ ಎಂದು ಡೋಂಬಿವ್ಲಿಯ ಮ್ಯಾನೇಜರು ನನಗೆ ಹೇಳಿದರು. ಈ ಸಲ ಚಹಾ ತರಿಸಲಿಲ್ಲ. ಮೂಲೆಯಲ್ಲಿ ಸ್ಟೂಲೊಂದೇ ಉಳಿಯಿತು.

ನಾನು ಠಾಣೆಯ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತೆ. ಭಾವ ಕಲ್ಯಾಣದ ಒಂದು ಗೋದಾಮಿಗೆ ಕಾವಲಿಗೆ ಸೇರಿದರು. ಡೋಲಿನ ಚರ್ಮ ಮಳೆಗಾಲದಲ್ಲಿ ಸಡಿಲವಾಯಿತು, ಎಳೆದು ಕಟ್ಟಲಿಲ್ಲ ಎಂದು ಅವರ ಹೆಂಡತಿ ಒಮ್ಮೆ ಹೇಳಿದರು. ನಾವಿಬ್ಬರೂ ಭೇಟಿಯಾಗುವುದು ಅಪರೂಪವಾಯಿತು, ಸಿಕ್ಕಿದರೂ ವಾದ್ಯದ ಮಾತು ಬರುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ನಮ್ಮ ಹೋಟೆಲ್ ಯಜಮಾನರ ಮಗನ ಮದುವೆ ಬಂತು. ಭಾವನಿಗೂ ಕರೆ ಇತ್ತು. ಅಕ್ಕಪಕ್ಕದ ಕುರ್ಚಿಯಲ್ಲಿ, ಕೈಯಲ್ಲಿ ಅಕ್ಷತೆ ಹಿಡಿದು ಕೂತೆವು. ಭಟ್ಟರು ಕೈ ಎತ್ತಿದರು, ಸ್ಟೂಲಿನ ಬಳಿ ನಿಂತವನು ಗುಂಡಿ ಒತ್ತಿದ. ಘಣಸೋಲಿಯ ಗಟ್ಟಿಮೇಳ ಹಾಲನ್ನು ತುಂಬಿತು. ಭಾವನ ಬೆರಳು ತಮ್ಮಷ್ಟಕ್ಕೆ ತೊಡೆಯ ಮೇಲೆ ಆಡತೊಡಗಿದವು. ಅಜ್ಜಿ ಕೂಗುವ ಜಾಗ ಬಂದಾಗ ಬೆರಳು ನಿಂತವು, ಅವಳು ಕೂಗಿದಳು, ಬೆರಳು ಮತ್ತೆ ಹೊರಟವು. ಎಲ್ಲರೂ ಅಕ್ಷತೆ ಎಸೆದರು.

"ಕೇಳಿತಾ?" ಎಂದರು ಭಾವ.

"ಅಜ್ಜಿಯದಲ್ಲವಾ?"

"ಅವಳದಲ್ಲ, ನನ್ನದು. ಅಲ್ಲಿ ಒಂದು ಪೆಟ್ಟು ಬಿಟ್ಟಿದ್ದೇನೆ. ಅವಳ ಬಾಯಿ ತೆರೆದದ್ದು ಕಂಡಿತು, ಕೈ ನಿಂತಿತು. ನನ್ನ ಪೆಟ್ಟು ಬಿದ್ದಿದ್ದರೆ ಅವಳ ಸ್ವರ ಯಾರಿಗೂ ಕೇಳ್ತಿರಲಿಲ್ಲ. ಆ ಹುಡುಗಿಗೂ ಕೇಳ್ತಿರಲಿಲ್ಲ."

ನನ್ನ ಕೈಯಲ್ಲಿದ್ದ ಅಕ್ಷತೆ ಕೈಯಲ್ಲೇ ಉಳಿಯಿತು. "ಆ ಬಿಟ್ಟ ಪೆಟ್ಟು ಹಾಕಲಿಕ್ಕೇನಾ ಆವತ್ತು ಇನ್ನೊಮ್ಮೆ ಕೋಲು ಎತ್ತಿದ್ದು?"

"ಮತ್ತೆಂತಕ್ಕೆ? ಸೇಠಿನ ಹಣಕ್ಕಾ?" ಅವರು ನಕ್ಕರು, ಸಿಟ್ಟು ಇರಲಿಲ್ಲ. "ಮೊದಲು ಒಂದು ಮದುವೆಯಲ್ಲಿ ತಪ್ಪಿದರೆ ಮುಂದಿನ ಮದುವೆಯಲ್ಲಿ ಸರಿ ಮಾಡಿಕೊಳ್ತಿದ್ದೆ. ಆಮೇಲೆ ನಮಗೆ ಮುಂದಿನ ಮದುವೆಯೇ ಬರಲಿಲ್ಲ. ಈಗ ದಿನಾ ಎಲ್ಲೋ ಒಂದು ಕಡೆ ನಾನು ತಪ್ಪುತ್ತಾ ಇರ್ತೇನೆ, ನಾನು ಅಲ್ಲಿ ಇರುದೂ ಇಲ್ಲ."

ಅಷ್ಟರಲ್ಲಿ ಮಂಟಪದ ಬಳಿ ವಿಡಿಯೋದವನು ದೀಪ ಎತ್ತಿ ಹಿಡಿದು, ಸರಿಯಾಗಿ ಬಂದಿಲ್ಲ, ಇನ್ನೊಮ್ಮೆ ಎಂದ. ವರ ನಗುತ್ತಾ ತಾಳಿಯ ಗಂಟಿನ ಮೇಲೆ ಮತ್ತೆ ಕೈಯಿಟ್ಟ, ವಧುವೂ ನಗುತ್ತಾ ತಲೆ ಬಗ್ಗಿಸಿದಳು. ಸ್ಟೂಲಿನವನು ಟೇಪನ್ನು ಹಿಂದಕ್ಕೆ ಸುತ್ತಿ ಹಾಕಿದ. ಭಾವನ ಬೆರಳು ಮತ್ತೆ ತೊಡೆಯ ಮೇಲೆ ಹೊರಟವು. ಆ ಜಾಗ ಬಂದಾಗ ಈ ಸಲ ಅವರು ನಿಲ್ಲಿಸಲಿಲ್ಲ. ಪಕ್ಕದ ಸಾಲಿನವರು ತಿರುಗಿ ನೋಡುವಷ್ಟು ಜೋರಾಗಿ ತೊಡೆಯ ಮೇಲೆ ಆ ಒಂದು ಪೆಟ್ಟನ್ನು ಹಾಕಿದರು.

ಅಜ್ಜಿ ಹಾಗೆಯೇ ಕೂಗಿದಳು.